ದೇಣಿಗೆ ರಸೀದಿ ಮತ್ತು ಹೆಸರುವಾರು ಖಾತೆ

ಚಿಕ್ಕಮಗಳೂರಿನಲ್ಲಿ ಪಕ್ಷವೊಂದರ ಜಿಲ್ಲಾ ಘಟಕದ ಖಜಾಂಚಿಯಾಗಿ ನಾನು ಹೊಣೆ ವಹಿಸಿಕೊಂಡಾಗ ಕಚೇರಿಯಲ್ಲಿದ್ದುದು ರಸೀದಿ ಪುಸ್ತಕಗಳು ಮತ್ತು ಒಂದು ನಗದು ಪುಸ್ತಕ. ಯಾವ ದಿನ ಎಷ್ಟು ಹಣ ಬಂತೆಂಬುದು ಅವುಗಳಿಂದ ತಿಳಿಯುತ್ತಿತ್ತೇ ಹೊರತು, ಒಬ್ಬ ದಾನಿ ಇಡೀ ವರ್ಷದಲ್ಲಿ ಎಷ್ಟು ಕೊಟ್ಟರೆಂಬುದು ತಿಳಿಯುತ್ತಿರಲಿಲ್ಲ. ಕಾನೂನಿಗೆ ಬೇಕಾದದ್ದು ಎರಡನೆಯದೇ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಸಿ ಕಲಮಿನ ಪ್ರಕಾರ, ಒಬ್ಬ ವ್ಯಕ್ತಿ ಅಥವಾ ಕಂಪನಿಯಿಂದ ಒಂದು ಆರ್ಥಿಕ ವರ್ಷದಲ್ಲಿ 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆ ಬಂದರೆ ಪಕ್ಷವು ಅದನ್ನು ನಮೂನೆ 24ಎಯಲ್ಲಿ ಚುನಾವಣಾ ಆಯೋಗಕ್ಕೆ ವರದಿ ಮಾಡಬೇಕು. ತಲಾ ಹತ್ತು ಸಾವಿರ ರೂಪಾಯಿಯಂತೆ ಮೂರು ರಸೀದಿ ಹರಿದುಕೊಟ್ಟರೆ ಮಿತಿ ದಾಟುವುದಿಲ್ಲವೆಂದು ನಂಬಿದ್ದ ಹಿರಿಯ ಕಾರ್ಯಕರ್ತರು ನಮ್ಮಲ್ಲಿ ಕಡಿಮೆಯೇನಿರಲಿಲ್ಲ.

ಆದ್ದರಿಂದ ಪ್ರತಿ ದಾನಿಗೂ ಲೆಡ್ಜರಿನಲ್ಲಿ ಒಂದು ಪುಟ ತೆರೆದು, ಪ್ಯಾನ್ ಸಂಖ್ಯೆಯನ್ನು ಪುಟದ ತಲೆಯಲ್ಲಿ ಬರೆಯತೊಡಗಿದೆ. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಒಂದು ರಸೀದಿಯಲ್ಲಿ ಇನಿಷಿಯಲ್ ಸಹಿತ, ಇನ್ನೊಂದರಲ್ಲಿ ಪೂರ್ಣ ಹೆಸರಿನಲ್ಲಿ, ಮತ್ತೊಂದರಲ್ಲಿ ತೋಟದ ಹೆಸರಿನಲ್ಲಿ ಇದ್ದರು. ಪ್ಯಾನ್ ನೋಡಿದಾಗ ಮೂರೂ ಒಬ್ಬರೇ ಎಂದು ಗೊತ್ತಾಗಿ ಮೊತ್ತವೂ ಮಿತಿ ದಾಟಿತು. ತೋಟವು ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಅದರ ಪ್ಯಾನ್ ಬೇರೆ, ಪುಟವೂ ಬೇರೆ. ಅದೇ ದಾನಿ ರಾಜ್ಯ ಕಚೇರಿಗೋ ಪಕ್ಕದ ಹಾಸನ ಘಟಕಕ್ಕೋ ಕೊಟ್ಟಿದ್ದರೆ ಅದು ನಮಗೆ ಕಾಣುವುದಿಲ್ಲವಾದ್ದರಿಂದ, 20,000ದೊಳಗಿನವರ ಹೆಸರುಗಳನ್ನೂ ಸೇರಿಸಿ ಪೂರ್ತಿ ಪಟ್ಟಿಯನ್ನೇ ಬೆಂಗಳೂರಿಗೆ ಕಳುಹಿಸುತ್ತಿದ್ದೆ.

ನಗದಿನ ವಿಚಾರದಲ್ಲಿ ಮುಜುಗರ ಹೆಚ್ಚು. 1961ರ ಆದಾಯ ತೆರಿಗೆ ಕಾಯ್ದೆಯ 13ಎ ಕಲಮಿಗೆ 2017ರಲ್ಲಿ ತಂದ ತಿದ್ದುಪಡಿಯಂತೆ, 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಪಡೆದರೆ ಪಕ್ಷದ ತೆರಿಗೆ ವಿನಾಯಿತಿಗೇ ಸಂಚಕಾರ. ಕಾಫಿ ಮಾರಿದ ಹಣವನ್ನು ಜೇಬಿನಲ್ಲಿಟ್ಟುಕೊಂಡು ಪ್ರೀತಿಯಿಂದ ಬಂದವರಿಗೆ 'ಅಣ್ಣಾ, ಚೆಕ್ ಬರೆದುಕೊಡಿ' ಎಂದರೆ, ತಮ್ಮನ್ನೇ ಸಂಶಯಿಸುತ್ತಿದ್ದೇನೆಂದು ಅವರು ಭಾವಿಸುತ್ತಿದ್ದರು. ಚೆಕ್ಕಿನಲ್ಲಿ ಕೊಟ್ಟರೆ ಅದೇ ಕಾಯ್ದೆಯ 80ಜಿಜಿಸಿ ಕಲಮಿನಡಿ ಆ ಮೊತ್ತವನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದೆಂದು ವಿವರಿಸಿದ ಮೇಲೆ ಕೆಲವರು ಒಪ್ಪಿದರು. ಕೃಷಿ ಆದಾಯ ಮಾತ್ರ ಇದ್ದವರಿಗೆ ಆ ಮಾತಿನಿಂದ ಪ್ರಯೋಜನವಿರಲಿಲ್ಲ.

ಹಣವಲ್ಲದ ದೇಣಿಗೆ ಇನ್ನೂ ತೊಡಕಿನದು. ಸಮಾವೇಶಕ್ಕೆ ಶಾಮಿಯಾನ, ಊಟ, ಜೀಪುಗಳನ್ನು ಯಾರೋ ಒದಗಿಸಿರುತ್ತಾರೆ, ಪುಸ್ತಕದಲ್ಲಿ ಮಾತ್ರ ಅದರ ಸುಳಿವಿರುವುದಿಲ್ಲ. ಶಾಮಿಯಾನದವರಿಂದ ಆ ದಿನದ ಬಾಡಿಗೆ ದರವನ್ನು ಬರೆಸಿಕೊಂಡು, ಅಷ್ಟೇ ಮೊತ್ತವನ್ನು ದೇಣಿಗೆಯ ಕಡೆಗೂ ಖರ್ಚಿನ ಕಡೆಗೂ ಹಾಕಿ, ಒದಗಿಸಿದವರ ಪುಟದಲ್ಲಿ ಸೇರಿಸಿದೆ. ನಗದು ಬಾಕಿಯೇನೂ ಬದಲಾಗದಿದ್ದರೂ, ಆ ವರ್ಷ ಮಿತಿ ದಾಟಿದವರ ಪಟ್ಟಿ ಉದ್ದವಾಯಿತು.