ಫ್ಯಾಂಟಸಿ ಬೇಸ್‌ಬಾಲ್: ನಿಮ್ಮ ತಂಡದ ಪಿಚಿಂಗ್ ತೂಗಿ ನೋಡುವುದು ಹೇಗೆ?

ಅಮೆರಿಕದಲ್ಲಿ ಮಾರ್ಚ್ ಬಂತೆಂದರೆ ಆಫೀಸುಗಳಲ್ಲಿ ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ಗಳು ಶುರುವಾಗುತ್ತವೆ. ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೊಂದು ತಂಡ ಕಟ್ಟಿ, ಅವರು ಮೈದಾನದಲ್ಲಿ ಗಳಿಸುವ ಅಂಕಿಗಳ ಮೇಲೆ ಸ್ಪರ್ಧಿಸುವ ಆಟ ಇದು. ಅಲ್ಲಿ ಕೆಲಸ ಮಾಡುವ ನಮ್ಮ ಕನ್ನಡಿಗರನ್ನೂ ಸಹೋದ್ಯೋಗಿಗಳು ಸೇರಿಸಿಕೊಳ್ಳುತ್ತಾರೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಬ್ಯಾಟರ್‌ಗಳನ್ನು ಆರಿಸುವುದು ಬೇಗ ಕೈಗೆ ಹತ್ತುತ್ತದೆ. ಎಡವುವುದು ಪಿಚಿಂಗ್‌ನಲ್ಲಿ, ಅಂದರೆ ಚೆಂಡೆಸೆಯುವವರನ್ನು ಆರಿಸುವುದರಲ್ಲಿ. ಏಪ್ರಿಲ್‌ನಲ್ಲಿ ಮೇಲಿದ್ದ ತಂಡ ಜೂನ್ ಹೊತ್ತಿಗೆ ಕೆಳಗೆ ಜಾರುವುದನ್ನು ಪ್ರತಿ ವರ್ಷ ನೋಡುತ್ತೇನೆ. ಕಾರಣ ಬಹುತೇಕ ಒಂದೇ. ಪಿಚರ್‌ನ ಹೆಸರು ನೋಡುತ್ತಾರೆ. ಅವನು ಎಸೆಯುವ ಪ್ರತಿ ಇನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಮೂರು ಔಟ್ ಆಗುವವರೆಗಿನ ಆಟ) ತಮ್ಮ ತಂಡದ ಲೆಕ್ಕವನ್ನು ಎತ್ತ ಎಳೆಯುತ್ತದೆ ಅಂತ ನೋಡುವುದಿಲ್ಲ.

1. ಲೀಗಿನ ನಿಯಮ ಓದಿ

ಎಷ್ಟು ತಂಡ, ಯಾವ ವಿಭಾಗಗಳು, ಇನಿಂಗ್ಸ್‌ಗೆ ಮಿತಿ ಇದೆಯೇ, ಇಷ್ಟನ್ನು ಬರೆದಿಟ್ಟುಕೊಳ್ಳಿ. ಇಲ್ಲಿ ಹೇಳುತ್ತಿರುವುದು ರೊಟಿಸರಿ ಪದ್ಧತಿಗೆ, ಅಂದರೆ ಪ್ರತಿ ವಿಭಾಗದ ವರ್ಷದ ಒಟ್ಟು ಲೆಕ್ಕದಲ್ಲಿ ಸ್ಥಾನಕ್ಕೆ ತಕ್ಕ ಅಂಕ ಕೊಡುವ ಪದ್ಧತಿಗೆ. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರುಮಾಡಿದ ಆಟ ಇದು. ಈಗ ಸಾಮಾನ್ಯವಾಗಿ ಬ್ಯಾಟಿಂಗ್‌ಗೆ ಐದು, ಪಿಚಿಂಗ್‌ಗೆ ಐದು ವಿಭಾಗ. ಪಿಚಿಂಗ್‌ನ ಐದು ಯಾವುವೆಂದರೆ ಗೆಲುವು, ಸೇವ್ (ಕೊನೆಗೆ ಬಂದು ತಂಡದ ಮುನ್ನಡೆ ಕಾಪಾಡುವುದು), ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಹಾಕಿ ಬ್ಯಾಟರ್‌ನನ್ನು ಔಟ್ ಮಾಡುವುದು), ಇಆರ್‌ಎ ಮತ್ತು ವಿಪ್. ಒಂಬತ್ತು ಇನಿಂಗ್ಸ್‌ಗೆ ಪಿಚರ್ ಖಾತೆಗೆ ಬೀಳುವ ರನ್ ಎಷ್ಟು ಅನ್ನುವುದು ಇಆರ್‌ಎ. ಒಂದು ಇನಿಂಗ್ಸ್‌ಗೆ ಹಿಟ್ ಮತ್ತು ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಸೇರಿ ಎಷ್ಟು ಜನರನ್ನು ಬೇಸ್‌ಗೆ ಬಿಟ್ಟ ಅನ್ನುವುದು ವಿಪ್. ಎರಡೂ ಕಡಿಮೆ ಇದ್ದಷ್ಟು ಒಳ್ಳೆಯದು.

2. ಅಂಕಗಳ ನಡುವಿನ ಅಂತರ ನೋಡಿ

12 ತಂಡಗಳ ಲೀಗಿನಲ್ಲಿ ಒಂದು ವಿಭಾಗದಲ್ಲಿ ಮೊದಲು ಬಂದರೆ 12 ಅಂಕ, ಕೊನೆಗೆ ಬಂದರೆ 1. ಸ್ಟ್ರೈಕ್‌ಔಟ್‌ನಲ್ಲಿ ಮೇಲಿನವರಿಗಿಂತ 80 ಹಿಂದಿದ್ದು, ವಿಪ್‌ನಲ್ಲಿ 0.01 ಮಾತ್ರ ಹಿಂದಿದ್ದರೆ ಯಾವುದರ ಬೆನ್ನು ಹತ್ತಬೇಕು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಡ್ರಾಫ್ಟ್ (ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವುದು) ಮುಗಿದ ಕೂಡಲೇ ವೆಬ್‌ಸೈಟ್‌ಗಳು ನಿಮ್ಮ ತಂಡಕ್ಕೊಂದು ಗ್ರೇಡ್ ಕೊಡುತ್ತವೆ. ಅದನ್ನು ನಂಬಬೇಡಿ. ದುಡ್ಡು ಕೊಟ್ಟು ಕೊಳ್ಳುವ, ಆಟಗಾರರ ಅದಲುಬದಲು ತೂಗುವ ಟ್ರೇಡ್ ಅನಲೈಸರ್ ಆ್ಯಪ್‌ಗಳೂ ಬೇಡ. ಅವುಗಳಲ್ಲಿ ಹೆಚ್ಚಿನವು ಆಟಗಾರರ ಬೆಲೆ ಕೂಡಿಸಿ ತೋರಿಸುತ್ತವೆ ಅಷ್ಟೆ. ನಿಮಗೆ ಸೇವ್ ಬೇಕೋ, ವಿಪ್ ಬೇಕೋ ಅನ್ನುವುದು ಅವಕ್ಕೆ ಗೊತ್ತಿರುವುದಿಲ್ಲ. ಫ್ಯಾನ್‌ಗ್ರಾಫ್ಸ್ ವೆಬ್‌ಸೈಟ್‌ನಲ್ಲಿ, ಆಟಗಾರರು ಮುಂದೆ ಹೇಗೆ ಆಡಬಹುದು ಅಂತ ಹೇಳುವ ಸ್ಟೀಮರ್, ಜಿಪ್ಸ್ ಅಂದಾಜುಗಳು ಪುಕ್ಕಟೆ ಸಿಗುತ್ತವೆ. ಅವು ಸಾಕು.

3. ಬ್ಯಾಟರ್‌ಗಳು

ದಿನಾ ಆಡುವವರಿದ್ದಾರೆಯೇ, ಹೋಮ್‌ರನ್ ಮತ್ತು ಸ್ಟೀಲ್ (ಪಿಚರ್ ಎಸೆಯುವಾಗ ಓಡಿ ಮುಂದಿನ ಬೇಸ್ ಕದಿಯುವುದು) ಎರಡೂ ಬರುತ್ತಿವೆಯೇ ನೋಡಿ. 2023ರಲ್ಲಿ ಬೇಸ್ ದೊಡ್ಡದಾಗಿ ಪಿಚ್ ಕ್ಲಾಕ್ (ಎಸೆತಕ್ಕೆ ಸಮಯದ ಮಿತಿ) ಬಂದ ಮೇಲೆ ಸ್ಟೀಲ್ ಜಾಸ್ತಿ ಆಗಿವೆ. ಬರೀ ಸ್ಟೀಲ್‌ಗೆಂದೇ ಒಬ್ಬನನ್ನು ಇಟ್ಟುಕೊಳ್ಳುವ ಅಗತ್ಯ ಈಗಿಲ್ಲ.

4. ಪಿಚರ್‌ಗಳನ್ನು ಒಬ್ಬೊಬ್ಬರಾಗಿ ಅಳೆಯಿರಿ

ನಿಧಾನವಾಗಿ ಮಾಡಬೇಕಾದ ಕೆಲಸ ಇದು.

ಮೊದಲು ಗೆಲುವಿನ ಕಾಲಂ ಮುಚ್ಚಿಬಿಡಿ. ಸ್ಟಾರ್ಟರ್‌ಗೆ, ಅಂದರೆ ಪಂದ್ಯ ಶುರುಮಾಡುವ ಪಿಚರ್‌ಗೆ, ಗೆಲುವು ಸಿಗಬೇಕಾದರೆ ಐದು ಇನಿಂಗ್ಸ್ ಎಸೆಯಬೇಕು, ಅವನ ತಂಡ ರನ್ ಹೊಡೆಯಬೇಕು, ಆಮೇಲೆ ಬಂದವರು ಅದನ್ನು ಕಾಪಾಡಬೇಕು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಅವರ ಇಆರ್‌ಎ 1.70. ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಆ ವರ್ಷ ಅವರಿಗೇ. ಆದರೆ ಗೆಲುವು ಬರೀ 10. ತಂಡ ಅವರಿಗೆ ರನ್ ಹೊಡೆದು ಕೊಡಲಿಲ್ಲ. 2023ರಲ್ಲಿ ಅಟ್ಲಾಂಟಾದ ಸ್ಪೆನ್ಸರ್ ಸ್ಟ್ರೈಡರ್ 3.86 ಇಆರ್‌ಎ ಇಟ್ಟುಕೊಂಡೇ 20 ಗೆದ್ದರು. ಆ ತಂಡ ಆ ವರ್ಷ 307 ಹೋಮ್‌ರನ್ ಹೊಡೆದಿತ್ತು.

ನೋಡಬೇಕಾದ್ದು ಎದುರಿಸಿದ ಬ್ಯಾಟರ್‌ಗಳಲ್ಲಿ ಸ್ಟ್ರೈಕ್‌ಔಟ್ ಆದವರ ಶೇಕಡಾವಾರು. ಅದರಲ್ಲಿ ವಾಕ್ ಶೇಕಡಾವಾರು ಕಳೆಯಿರಿ. ಈಚಿನ ವರ್ಷಗಳಲ್ಲಿ ಮೇಜರ್ ಲೀಗಿನ ಸರಾಸರಿ ಸುಮಾರು 14. 20 ದಾಟಿದವನು ಮೊದಲ ಸಾಲಿನ ಪಿಚರ್. 10ಕ್ಕಿಂತ ಕಡಿಮೆ ಇದ್ದವನ ಇಆರ್‌ಎ ಎಷ್ಟೇ ಚೆನ್ನಾಗಿ ಕಂಡರೂ ನನ್ನ ತಂಡಕ್ಕೆ ಬೇಡ.

ಆಮೇಲೆ ಇಆರ್‌ಎ ಪಕ್ಕದಲ್ಲಿ ಎಫ್‌ಐಪಿ ಇಟ್ಟು ನೋಡಿ. ಫೀಲ್ಡರ್‌ಗಳ ಕೈವಾಡವಿಲ್ಲದ ಸ್ಟ್ರೈಕ್‌ಔಟ್, ವಾಕ್, ಹಿಟ್ ಬೈ ಪಿಚ್ (ಎಸೆತ ಬ್ಯಾಟರ್‌ಗೆ ತಗಲುವುದು), ಹೋಮ್‌ರನ್ ಇಷ್ಟನ್ನೇ ಹಿಡಿದು ಲೆಕ್ಕ ಹಾಕುವ ಸಂಖ್ಯೆ ಅದು. 2023ರ ಸ್ಟ್ರೈಡರ್ ಇಆರ್‌ಎ 3.86, ಎಫ್‌ಐಪಿ 2.85. ಅಂದರೆ ಅವರು ಎಸೆದದ್ದು ಫಲಿತಾಂಶಕ್ಕಿಂತ ಚೆನ್ನಾಗಿತ್ತು. ಅದೇ ವರ್ಷ ಸ್ಯಾನ್ ಡಿಯೇಗೊದ ಬ್ಲೇಕ್ ಸ್ನೆಲ್ ಇಆರ್‌ಎ 2.25, ಎಫ್‌ಐಪಿ 3.44. ಅವರಿಗೂ ಸೈ ಯಂಗ್ ಬಂತು. ಆದರೆ 99 ವಾಕ್ ಕೊಟ್ಟಿದ್ದರು. ಬೇಸ್‌ಗೆ ಬಂದವರನ್ನು ಮನೆ ಮುಟ್ಟಿಸದೆ ಪಾರಾಗುವುದು ಅಷ್ಟೇ ಪ್ರಮಾಣದಲ್ಲಿ ಪ್ರತಿ ವರ್ಷ ನಡೆಯುವುದಿಲ್ಲ. ಮುಂದಿನ ವರ್ಷ ಅವರ ಇಆರ್‌ಎ 3.12ಕ್ಕೆ ಬಂತು. ಇಂಥವರನ್ನು ಇಟ್ಟುಕೊಳ್ಳಬಾರದು ಅಂತಲ್ಲ. 2.25ರ ಬೆಲೆ ಕೊಟ್ಟು ಕೊಳ್ಳಬೇಡಿ.

ಒಂದು ಎಚ್ಚರಿಕೆ. ಅಂಕಿ ಎಷ್ಟೇ ಚೆನ್ನಾಗಿದ್ದರೂ ಮೊಣಕೈ ಕೈಕೊಡಬಹುದು. ಸ್ಟ್ರೈಡರ್ 2024ರಲ್ಲಿ ಎರಡೇ ಪಂದ್ಯ ಎಸೆದು ಶಸ್ತ್ರಚಿಕಿತ್ಸೆಗೆ ಹೋದರು. ಹಾಗಾಗಿ ಡ್ರಾಫ್ಟ್‌ನ ಮೊದಲ ಎರಡು ಸುತ್ತಿನಲ್ಲಿ ಒಬ್ಬ ಪಿಚರ್ ಸಾಕು, ಇಬ್ಬರು ಬೇಡ.

5. ಇನಿಂಗ್ಸ್ ಬಜೆಟ್ ಹಾಕಿ

ಹಲವು ಲೀಗ್‌ಗಳಲ್ಲಿ ವರ್ಷಕ್ಕೆ 1400 ಇನಿಂಗ್ಸ್ ಮಿತಿ. ಸೀಸನ್ ಸುಮಾರು 26 ವಾರ. ವಾರಕ್ಕೆ 54 ಇನಿಂಗ್ಸ್ ಆಯಿತು. ಈಗ ಸ್ಟಾರ್ಟರ್‌ಗಳು ಹಿಂದಿನಷ್ಟು ಎಸೆಯುವುದಿಲ್ಲ. 2024ರಲ್ಲಿ 200 ಇನಿಂಗ್ಸ್ ಮುಟ್ಟಿದವರು ನಾಲ್ಕೇ ಜನ. ಆದ್ದರಿಂದ ಒಳ್ಳೆಯ ಸ್ಟಾರ್ಟರ್‌ಗೆ 160 ಅಂತ ಹಿಡಿಯಿರಿ. ಆರು ಜನರಿಗೆ 960. ಸ್ಟಾರ್ಟರ್ ನಂತರ ಎಸೆಯಲು ಬರುವ ಮೂವರು ರಿಲೀವರ್‌ಗಳಿಗೆ ತಲಾ 65ರಂತೆ 195. ಒಟ್ಟು 1155. ಉಳಿದದ್ದು 245.

ಈ 245 ಇನಿಂಗ್ಸ್ ಯಾರ ಕೈಗೆ ಕೊಡುತ್ತೀರಿ ಅನ್ನುವುದರಲ್ಲೇ ನಿಮ್ಮ ವರ್ಷ ತೀರ್ಮಾನವಾಗುತ್ತದೆ.

ಹೆಚ್ಚಿನವರು ಇಲ್ಲಿ ಸ್ಟ್ರೀಮಿಂಗ್ ಮಾಡುತ್ತಾರೆ. ಅಂದರೆ ಇವತ್ತು ಎಸೆಯುವವನು ಯಾರು ಖಾಲಿ ಇದ್ದಾನೆ ಅಂತ ನೋಡಿ ಎತ್ತಿಕೊಳ್ಳುವುದು, ನಾಳೆ ಬಿಡುವುದು. ಸ್ಟ್ರೈಕ್‌ಔಟ್, ಗೆಲುವು ಏರುತ್ತಿರುವುದು ಕಣ್ಣಿಗೆ ಕಾಣುತ್ತದೆ. ಇಆರ್‌ಎ ಕೆಡುತ್ತಿರುವುದು ತಡವಾಗಿ ಕಾಣುತ್ತದೆ.

ಲೆಕ್ಕ ಮಾಡಿ ನೋಡೋಣ. ನಿಮ್ಮ ತಂಡ 540 ಇನಿಂಗ್ಸ್‌ನಲ್ಲಿ 210 ರನ್ ಕೊಟ್ಟಿದೆ ಅನ್ನಿ. 210ನ್ನು 9ರಿಂದ ಗುಣಿಸಿ 540ರಿಂದ ಭಾಗಿಸಿದರೆ ಇಆರ್‌ಎ 3.50. ಈಗ ಎತ್ತಿಕೊಂಡವನು 3 ಇನಿಂಗ್ಸ್‌ನಲ್ಲಿ 7 ರನ್ ಕೊಟ್ಟ. 543 ಇನಿಂಗ್ಸ್‌ಗೆ 217 ರನ್. ಇಆರ್‌ಎ 3.60 ಆಯಿತು. ಒಂದು ಸಂಜೆಯಲ್ಲಿ 0.10 ಹೋಯಿತು. ಬಿಗಿಯಾದ ಲೀಗಿನಲ್ಲಿ ಅಷ್ಟಕ್ಕೇ ಎರಡು ಮೂರು ಅಂಕ ಕೈತಪ್ಪಬಹುದು.

ಮತ್ತೆ 3.50ಕ್ಕೆ ಬರಲು ಏನು ಬೇಕು? 2.00 ಇಆರ್‌ಎ ಇರುವ ರಿಲೀವರ್ 35 ಇನಿಂಗ್ಸ್ ಎಸೆಯಬೇಕು. ಅದು ಅವನ ಅರ್ಧ ಸೀಸನ್‌ನ ಕೆಲಸ. ಬೇಕಾದರೆ ಪೆನ್ನು ಹಿಡಿದು ಕೂಡಿ ನೋಡಿ. ಈ ಲೆಕ್ಕವನ್ನು ಒಮ್ಮೆ ಸ್ವಂತ ಕೈಯಲ್ಲಿ ಮಾಡಿದವರು ಸುಮ್ನೆ ಸಿಕ್ಕ ಪಿಚರ್‌ನನ್ನು ಎತ್ತಿಕೊಳ್ಳುವುದಿಲ್ಲ.

ಸ್ಟ್ರೀಮ್ ಮಾಡಲೇಬೇಕೆಂದರೆ ಮೂರು ನೋಡಿ. ಎದುರಾಳಿ ತಂಡ ಜಾಸ್ತಿ ಸ್ಟ್ರೈಕ್‌ಔಟ್ ಆಗುವಂಥದ್ದೇ? ಪಿಚರ್ ವಾಕ್ ಕಡಿಮೆ ಕೊಡುತ್ತಾನೆಯೇ? ಪಂದ್ಯ ಡೆನ್ವರ್‌ನ ಕೂರ್ಸ್ ಫೀಲ್ಡ್‌ನಲ್ಲಿ ಇಲ್ಲ ತಾನೇ? ಆ ಮೈದಾನ ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿದೆ. ಗಾಳಿ ತೆಳು. ಚೆಂಡು ದೂರ ಹಾರುತ್ತದೆ, ಕರ್ವ್ ಬಾಲ್ ಸರಿಯಾಗಿ ತಿರುಗುವುದಿಲ್ಲ. ಅಲ್ಲಿ ನಾನು ನನ್ನ ಮೂರನೇ ಸ್ಟಾರ್ಟರ್‌ನನ್ನೂ ಬೆಂಚ್‌ನಲ್ಲಿ ಕೂರಿಸುತ್ತೇನೆ. ವಾರಕ್ಕೆ ಎರಡು ಪಂದ್ಯ ಇದೆ ಅನ್ನುವ ಒಂದೇ ಕಾರಣಕ್ಕೆ ಸಾಧಾರಣ ಪಿಚರ್‌ನನ್ನು ಹಾಕುವುದೂ ಇದೇ ಜಾತಿಯ ತಪ್ಪು. ಎರಡು ಸಲ ಏಟು ತಿನ್ನಬಹುದು.

ನನ್ನ ಸಲಹೆ ಕೇಳಿದರೆ, ಆ 245ರಲ್ಲಿ ನೂರಕ್ಕೂ ಹೆಚ್ಚನ್ನು ಇಬ್ಬರು ಒಳ್ಳೆಯ ಸೆಟಪ್ ರಿಲೀವರ್‌ಗಳಿಗೆ ಕೊಡಿ. ಏಳನೇ, ಎಂಟನೇ ಇನಿಂಗ್ಸ್‌ಗೆ ಬರುವವರು ಇವರು. ಸೇವ್ ಸಿಗುವುದಿಲ್ಲ ಅಂತ ಯಾರೂ ಮುಟ್ಟಿರುವುದಿಲ್ಲ. ಆದರೆ ಇನಿಂಗ್ಸ್‌ಗೆ ಒಂದಕ್ಕಿಂತ ಜಾಸ್ತಿ ಸ್ಟ್ರೈಕ್‌ಔಟ್ ಕೊಡುತ್ತಾರೆ, ಇಆರ್‌ಎ, ವಿಪ್ ಎರಡನ್ನೂ ಕೆಳಗೆ ಎಳೆಯುತ್ತಾರೆ. ಮಿತಿ ಇರುವ ಲೀಗಿನಲ್ಲಿ ಬೆಲೆ ಇರುವುದು ಪ್ರತಿ ಇನಿಂಗ್ಸ್‌ನ ಗುಣಕ್ಕೆ. ಮಿತಿ ಇಲ್ಲದ ಲೀಗಾದರೆ ಸ್ಟಾರ್ಟರ್‌ಗಳ ಪಾಲು ಸ್ವಲ್ಪ ಹೆಚ್ಚಿಸಿ.

6. ಕ್ಲೋಸರ್ ಎಷ್ಟು?

ಇಬ್ಬರು. ಕ್ಲೋಸರ್ ಅಂದರೆ ಕೊನೆಯ ಇನಿಂಗ್ಸ್‌ಗೆ ಬಂದು ಸೇವ್ ಗಳಿಸುವ ರಿಲೀವರ್. ಮೂರನೆಯವನಿಗೆ ಖರ್ಚು ಮಾಡಬೇಡಿ. ಈ ಕೆಲಸದಲ್ಲಿ ಭದ್ರತೆ ಕಡಿಮೆ. 2023ರ ಮಾರ್ಚ್‌ನಲ್ಲಿ ಮೆಟ್ಸ್‌ನ ಕ್ಲೋಸರ್ ಎಡ್ವಿನ್ ಡಿಯಾಜ್, ದೇಶಗಳ ನಡುವಿನ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಟೂರ್ನಿಯಲ್ಲಿ ಗೆದ್ದ ಖುಷಿಯಲ್ಲಿ ಕುಣಿಯುವಾಗ ಮಂಡಿಗೆ ಪೆಟ್ಟಾಗಿ ಇಡೀ ಸೀಸನ್ ಕಳೆದುಕೊಂಡರು. ಅವರನ್ನು ಆಗಲೇ ಡ್ರಾಫ್ಟ್ ಮಾಡಿದ್ದವರಿಗೆ ಒಂದು ದುಬಾರಿ ಆಯ್ಕೆ ನೀರಲ್ಲಿ ಹೋಯಿತು. ಮೇಲೆ ಹೇಳಿದ ಸೆಟಪ್ ರಿಲೀವರ್‌ಗಳಲ್ಲೇ ಒಬ್ಬ ಜೂನ್, ಜುಲೈ ಹೊತ್ತಿಗೆ ಕ್ಲೋಸರ್ ಆಗುವುದುಂಟು. ಅದು ಪುಕ್ಕಟೆ ಸಿಕ್ಕ ಸೇವ್.

7. ಆಗಸ್ಟ್ ನಂತರ

ವಿಭಾಗಗಳ ಅಂತರವನ್ನು ಮತ್ತೊಮ್ಮೆ ಬರೆಯಿರಿ. 1200 ಇನಿಂಗ್ಸ್ ದಾಟಿದ ಮೇಲೆ ಇಆರ್‌ಎ ಅಷ್ಟು ಸುಲಭವಾಗಿ ಅಲುಗಾಡುವುದಿಲ್ಲ. ಅಲ್ಲಿ ಮೇಲೂ ಕೆಳಗೂ ದೂರ ಇದ್ದರೆ ಸ್ಟ್ರೈಕ್‌ಔಟ್ ಬೆನ್ನು ಹತ್ತಬಹುದು. ಈಗ ಧೈರ್ಯವಾಗಿ ಸ್ಟ್ರೀಮ್ ಮಾಡಿ. ಪಕ್ಕದವರು 0.02 ಅಂತರದಲ್ಲಿ ಉಸಿರಾಡುತ್ತಿದ್ದರೆ ನಂಬಿಕೆ ಇಲ್ಲದ ಸ್ಟಾರ್ಟರ್‌ಗಳನ್ನು ಬೆಂಚ್‌ಗೆ ಹಾಕಿ. ಆದರೆ ಕೆಲವು ಲೀಗ್‌ಗಳಲ್ಲಿ ಕನಿಷ್ಠ ಇನಿಂಗ್ಸ್ ನಿಯಮವೂ ಇರುತ್ತದೆ. ಅದನ್ನು ಮುಟ್ಟಿದ್ದೀರಾ ಅಂತ ನೋಡಿಕೊಂಡೇ ಕೂರಿಸಿ.