‘ದನ್ಯವಾದ’ ಆಗದ ಹಾಗೆ ಲಿನೋ ಕೆತ್ತುವುದು

ಹೋದ ನವರಾತ್ರಿಗೆ ಗೊಂಬೆ ನೋಡಲು ಬರುವವರಿಗೆ ಬಾಗಿನದ ಜೊತೆ ಒಂದೊಂದು ಕಾರ್ಡು ಕೊಡೋಣ ಎಂದು ನಮ್ಮತ್ತೆಗೆ ಆಸೆಯಾಯಿತು. 40 ಕಾರ್ಡು. "ದಿನಾ ಕಂಪ್ಯೂಟರಲ್ಲಿ ಅದನ್ನೇ ತಾನೇ ಮಾಡೋದು ನೀನು? ಹತ್ತು ನಿಮಿಷದ ಕೆಲಸ" ಅಂದರು. ನಿಜ, ಹತ್ತೇ ನಿಮಿಷದ ಕೆಲಸ. ಅದಕ್ಕೇ ನನಗೆ ಬೇಡವಾಗಿತ್ತು.

ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಿಂದಲೇ ಗ್ರಾಫಿಕ್ ಡಿಸೈನ್ ಮಾಡುತ್ತೇನೆ. ಊದುಬತ್ತಿ ಡಬ್ಬಿ, ಮದುವೆ ಕಾರ್ಡು, ಹೋಟೆಲ್ ಮೆನು, ಯೋಗ ಶಾಲೆಯ ಲೋಗೋ. ಬೆಳಗ್ಗೆಯಿಂದ ಸಂಜೆವರೆಗೆ "ಹೆಸರು ಸ್ವಲ್ಪ ದೊಡ್ಡದು ಮಾಡಿ" ಎಂಬ ವಾಟ್ಸಾಪ್ ಬರುತ್ತಲೇ ಇರುತ್ತದೆ. ‘ಫೈನಲ್ 7’ ಎಂಬ ಹೆಸರಿನ ಫೈಲ್ ನನ್ನ ಹತ್ತಿರ ಎಷ್ಟಿವೆಯೋ. ರಾತ್ರಿ ಒಂಬತ್ತೂವರೆ ಆದ ಮೇಲೆ ಪರದೆ ನೋಡಲು ಕಣ್ಣು ಒಪ್ಪುವುದಿಲ್ಲ, ಆದರೆ ಕೈ ಸುಮ್ಮನೆ ಕೂರುವುದಿಲ್ಲ. ಹಾಗೆ ಶುರುವಾದದ್ದು ಲಿನೋ. ನಿಮಗೂ ಇದೇ ರೋಗ ಇದ್ದರೆ, ಒಂದೇ ಒಂದು ಕನ್ನಡ ಪದದ ಕಾರ್ಡಿನಿಂದ ಶುರು ಮಾಡಿ. ನಾನು ಮಾಡಿದ ಎಡವಟ್ಟುಗಳನ್ನೂ ಸೇರಿಸಿ ಹೇಳುತ್ತೇನೆ.

ಲಿನೋ ಅಂದರೆ ಲಿನೋಲಿಯಂ. ಅಗಸೆ ಎಣ್ಣೆಯನ್ನು ಗಟ್ಟಿ ಮಾಡಿ, ಕಾರ್ಕ್ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹಚ್ಚಿದ ಹಾಳೆ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇದನ್ನು ಮಾಡಿದ್ದು ನೆಲಕ್ಕೆ ಹಾಸಲು. ಕಲಾವಿದರು ಆಮೇಲೆ ಕೆತ್ತಲು ಹಿಡಿದುಕೊಂಡರು. ಬೇಡದ ಜಾಗ ಕೆತ್ತಿ ತೆಗೆದು, ಉಬ್ಬಿ ಉಳಿದ ಚಿತ್ರಕ್ಕೆ ಇಂಕು ಹಚ್ಚಿ, ಕಾಗದದ ಮೇಲೆ ಅಚ್ಚೊತ್ತುವುದು, ಅಷ್ಟೇ. ಮರದ ಹಾಗೆ ಇದಕ್ಕೆ ಎಳೆ ಇಲ್ಲ, ಯಾವ ಕಡೆಗೆ ಬೇಕಾದರೂ ಉಳಿ ಓಡುತ್ತದೆ. ನಮ್ಮ ಅಕ್ಷರಗಳೆಲ್ಲ ದುಂಡು ದುಂಡು, ಅಲ್ವಾ? ಅದಕ್ಕೆ ಹೇಳಿ ಮಾಡಿಸಿದ ವಸ್ತು. ಇಲ್ಲಿನ ಸಿದ್ಧಾರ್ಥನಗರದ ಕಲಾ ಕಾಲೇಜು ಕಾವಾದಲ್ಲಿ ವಿದ್ಯಾರ್ಥಿಗಳ ಪ್ರದರ್ಶನ ನಡೆದಾಗ ಒಮ್ಮೆ ಹೋಗಿ ನೋಡಿ. ಕಲಾ ಕಾಲೇಜಿನಲ್ಲಿ ‘ಗ್ರಾಫಿಕ್ಸ್’ ಅಂದರೆ ಕಂಪ್ಯೂಟರ್ ಅಲ್ಲ. ಹೀಗೆ ಕೆತ್ತಿ, ಕೊರೆದು, ಅಚ್ಚು ತೆಗೆಯುವ ಕೆಲಸ. ನನಗೆ ಇದು ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ.

ಸಾಮಾನು ಜಾಸ್ತಿ ಬೇಡ. 3 ಮಿಲಿಮೀಟರ್ ದಪ್ಪದ ಲಿನೋ ತುಂಡು, ಮರದ ಹಿಡಿಯ ಒಂದು ಸೆಟ್ ಉಳಿ, ಒಂದು ರಬ್ಬರ್ ರೋಲರ್, ಇಂಕು. ಆರ್ಟ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಆನ್‌ಲೈನ್. ಸೆಟ್ಟಿನಲ್ಲಿ ಐದಾರು ಉಳಿ ಇರುತ್ತವೆ, ನಾನು ಬಳಸುವುದು ಎರಡೇ: ಗೆರೆಗೆ ‘ವಿ’ ಬಾಯಿಯದ್ದು, ಜಾಗ ಖಾಲಿ ಮಾಡಲು ‘ಯು’ ಬಾಯಿಯದ್ದು. ಇಂಕು ಕಲಸಲು ಹಳೇ ಫೋಟೋ ಫ್ರೇಮಿನ ಗಾಜು ಸಾಕು. ಅಚ್ಚೊತ್ತಲು ಮೆಷಿನ್ ಬೇಡ, ಸ್ಟೀಲ್ ಸೌಟು ಬೇಕು. ಮೊದಲು ನಾನು ಲಟ್ಟಣಿಗೆ ಉಪಯೋಗಿಸಿ ಬೈಸಿಕೊಂಡೆ. ಲಟ್ಟಣಿಗೆಯಲ್ಲಿ ಒತ್ತು ಸರಿಯಾಗಿ ಬೀಳುವುದೂ ಇಲ್ಲ ಬಿಡಿ.

ಕಾಗದದ ವಿಷಯದಲ್ಲಿ ಮಾತ್ರ ನಮ್ಮ ವೃತ್ತಿಯವರಿಗೆ ಒಂದು ಲಾಭ ಇದೆ. ಪ್ರೆಸ್ಸಿಗೆ ಹೋದಾಗ ಕಟಿಂಗ್ ಮೆಷಿನ್ ಪಕ್ಕ ಬಿದ್ದಿರುವ ಪಟ್ಟಿಗಳನ್ನು ನೋಡಿ. ಕೇಳಿದರೆ ಸುಮ್ನೆ ಕೊಡುತ್ತಾರೆ. ನಾನು ಆರಿಸುವುದು 100ರಿಂದ 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಎಂಬ ಲೆಕ್ಕ) ಮ್ಯಾಪ್‌ಲಿಥೋ, ಅಂದರೆ ಹೊಳಪಿಲ್ಲದ ಮುದ್ರಣ ಕಾಗದ. ಹೊಳೆಯುವ ಆರ್ಟ್ ಕಾರ್ಡು ಬೇಡವೇ ಬೇಡ. ಕಾಗದ ಜಾರುತ್ತದೆ, ಇಂಕು ಒಣಗದೆ ಬೆರಳಿಗೆ ಬರುತ್ತದೆ. ಮದುವೆ ಕಾರ್ಡಿನ 300 ಜಿಎಸ್‌ಎಂ ಕೂಡ ಸೌಟಿಗೆ ಬಗ್ಗುವುದಿಲ್ಲ, ಅಚ್ಚು ಅಲ್ಲಲ್ಲಿ ಬೋಳು ಬೋಳಾಗಿ ಬರುತ್ತದೆ. ತೆಳು ಕಾಗದದ ಮೇಲೆ ಒತ್ತಿ, ಆಮೇಲೆ ಅದನ್ನು ದಪ್ಪ ಕಾರ್ಡಿಗೆ ಅಂಟಿಸುವುದೇ ಒಳ್ಳೆಯದು. ಇಂಕೂ ಅಷ್ಟೇ. ನಮ್ಮ ಪ್ರೆಸ್ಸಿನ ಮೆಷಿನ್‌ಮ್ಯಾನ್ ಆಫ್‌ಸೆಟ್ ಕಪ್ಪು ಇಂಕನ್ನು ಒಂದು ಮುಚ್ಚಳದಲ್ಲಿ ಹಾಕಿಕೊಟ್ಟರು. "ಇಷ್ಟು ಸಾಕಾ ಮೇಡಂ?" ಅಂದರು. ಆ ಮುಚ್ಚಳ ಎರಡು ವರ್ಷ ಬಂತು.

ಈಗ ಅಕ್ಷರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕಾರ್ಡು ಎ6, ಅಂದರೆ 105×148 ಮಿಲಿಮೀಟರ್. ನಡುವೆ ಪಟ್ಟದ ಗೊಂಬೆ ಜೋಡಿ, ಕೆಳಗೆ ‘ಧನ್ಯವಾದ’. ಕಂಪ್ಯೂಟರಿನಲ್ಲಿ ಫಾಂಟ್ ಹಾಕಿ ಸಣ್ಣದಾಗಿ ಕೂರಿಸಿದರೆ ಪರದೆಯಲ್ಲಿ ಚೆನ್ನಾಗೇ ಕಾಣುತ್ತದೆ. ಉಳಿ ಹಿಡಿದಾಗ ಗೊತ್ತಾಗುತ್ತದೆ. ಕನ್ನಡದಲ್ಲಿ ಅರ್ಥ ಇರುವುದೇ ಚೂರುಪಾರುಗಳಲ್ಲಿ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗೆ ಹೊಟ್ಟೆ ಸೀಳುವ ಆ ಒಂದು ಪುಟ್ಟ ಗೆರೆ. ‘ಬ’, ‘ಭ’ ಕತೆಯೂ ಅದೇ. ‘ಠ’ದ ಹೊಟ್ಟೆಯೊಳಗಿನ ಚುಕ್ಕೆ ಸುತ್ತ ಕೆತ್ತುವಾಗ ಉಳಿ ಒಂದು ಕೂದಲಷ್ಟು ಜಾರಿದರೆ ಚುಕ್ಕೆಯೇ ಹಾರಿಹೋಗುತ್ತದೆ. ಈ ಕಾರ್ಡಿಗೆ ಕೆತ್ತಿದ ಮೊದಲ ಬ್ಲಾಕಿನಲ್ಲಿ, ಅಂದರೆ ಲಿನೋ ತುಂಡಿನಲ್ಲಿ, ‘ಧ’ದ ಸೀಳು ಹಾರಿತು. ನಾನು ಗಮನಿಸಲಿಲ್ಲ. ಆರು ಕಾರ್ಡು ಒತ್ತಿ ಒಣಗಲು ಹಾಕಿದ್ದೆ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಓದಿದರು: "ದ-ನ್ಯ-ವಾ-ದ. ಏನಮ್ಮಾ, ದನಗಳಿಗೆ ಮಾಡ್ಸಿದ್ದಾ?"

ಹಾರಿದ ಚೂರನ್ನು ಹುಡುಕಿ ಫೆವಿಕ್ವಿಕ್ ಹಾಕಿ ಅಂಟಿಸಿದೆ. ಮೂರನೇ ಅಚ್ಚಿಗೆ ಮತ್ತೆ ಬಂತು ಕೈಗೆ. ಹೊಸ ತುಂಡು ತೆಗೆದುಕೊಳ್ಳದೆ ವಿಧಿಯಿರಲಿಲ್ಲ.

ಆದ್ದರಿಂದ ಫಾಂಟನ್ನು ನಂಬಬೇಡಿ, ಕೈಯಲ್ಲೇ ಬರೆಯಿರಿ. ಅಕ್ಷರ ಕನಿಷ್ಠ 15 ಮಿಲಿಮೀಟರ್ ಎತ್ತರ ಇರಲಿ. ಗೆರೆ ಎಲ್ಲೂ 1 ಮಿಲಿಮೀಟರಿಗಿಂತ ತೆಳ್ಳಗಾಗದಿರಲಿ. ಸೀಳನ್ನು ಬೇಕೆಂದೇ ಉದ್ದ, ದಪ್ಪ ಮಾಡಿ. ಕಾರ್ಟೂನಿನ ಹಾಗಿದೆ ಅನ್ನಿಸಿದರೆ ಸರಿಯಾಗಿದೆ ಎಂದರ್ಥ. ಒತ್ತಕ್ಷರವನ್ನು ಮೇಲಿನ ಅಕ್ಷರದಿಂದ ಸ್ವಲ್ಪ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಇಂಕು ತುಂಬಿಕೊಂಡು ಎರಡೂ ಒಂದಾಗುತ್ತವೆ. ಫಾಂಟೇ ಬೇಕು ಅನ್ನುವವರು ಸಾಫ್ಟ್‌ವೇರಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆನ್ ಇದೆಯಾ ನೋಡಿ. ಅದಿಲ್ಲದೆ ಯೂನಿಕೋಡ್ ಕನ್ನಡ ಹಾಕಿದರೆ ಒತ್ತುಗಳು ಉದುರಿ ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಹಾಗೆ ಉದುರಿದ ಬೋರ್ಡುಗಳನ್ನು ನಾವೆಲ್ಲ ಬೀದಿಯಲ್ಲಿ ನೋಡಿದ್ದೇವೆ.

ಬರೆದದ್ದನ್ನು ಲಿನೋ ಮೇಲೆ ಇಳಿಸಲು ಒಂದು ಸುಲಭ ಉಪಾಯ. ಚಿತ್ರದ ಜೆರಾಕ್ಸ್ ಮಾಡಿಸಿ. ಲೇಸರ್ ಪ್ರಿಂಟ್ ಆದರೂ ಸರಿ, ಇಂಕ್‌ಜೆಟ್ ಆಗುವುದಿಲ್ಲ. ಅದನ್ನು ಲಿನೋ ಮೇಲೆ ಬೋರಲು ಹಾಕಿ, ಒಂದು ಅಂಚಿಗೆ ಟೇಪ್ ಹಚ್ಚಿ. ಹತ್ತಿಗೆ ಅಸಿಟೋನ್ ಇರುವ ನೇಲ್ ಪಾಲಿಷ್ ರಿಮೂವರ್ ಹಚ್ಚಿ ಕಾಗದದ ಹಿಂಬದಿ ಒದ್ದೆ ಮಾಡುತ್ತಾ ಚಮಚದಿಂದ ಉಜ್ಜಿ. ಜೆರಾಕ್ಸಿನ ಕಪ್ಪು ಪುಡಿ, ಅಂದರೆ ಟೋನರ್, ಕರಗಿ ಲಿನೋಗೆ ಅಂಟುತ್ತದೆ. ಹತ್ತಿ ತೊಟ್ಟಿಕ್ಕುವಷ್ಟು ಒದ್ದೆಯಾದರೆ ಎಲ್ಲ ಕಲಸಿಹೋಗುತ್ತದೆ. ಕಿಟಕಿ ತೆಗೆದಿರಲಿ. ಹತ್ತಿರದಲ್ಲಿ ಒಲೆ, ದೇವರ ದೀಪ ಇರಬಾರದು. ಅಸಿಟೋನ್ ಬೇಗ ಬೆಂಕಿ ಹಿಡಿಯುವ ಪದಾರ್ಥ. ಮೆತ್ತಗಿನ ರಬ್ಬರ್ ಥರದ ತುಂಡು ಕೊಂಡಿದ್ದರೆ ಈ ಉಪಾಯ ಬೇಡ, ನನ್ನದು ಅಂಟಂಟಾಗಿ ಹಾಳಾಯಿತು. ಅದಕ್ಕೆ ಟ್ರೇಸಿಂಗ್ ಕಾಗದ, ಪೆನ್ಸಿಲ್ಲೇ ಗತಿ.

ಕಂಪ್ಯೂಟರ್ ಜನರು ಮಾಡುವ ತಪ್ಪು ಒಂದಿದೆ. ಅಚ್ಚು ತಿರುಗಾಮುರುಗಾ ಬರುತ್ತದೆ ಎಂದು ಗೊತ್ತಿರುವುದರಿಂದ, ಚಿತ್ರವನ್ನು ಮೊದಲೇ ಮಿರರ್ ಮಾಡಿ ಪ್ರಿಂಟ್ ತೆಗೆಯುತ್ತೇವೆ. ನಾನೂ ಅತಿಬುದ್ಧಿ ತೋರಿಸಿದ್ದೆ. ಬೋರಲು ಹಾಕಿದಾಗಲೇ ಅದು ಒಮ್ಮೆ ತಿರುಗುತ್ತದೆ, ಆದ್ದರಿಂದ ಜೆರಾಕ್ಸ್ ನೆಟ್ಟಗೇ ಇರಬೇಕು. ಬ್ಲಾಕಿನ ಮೇಲಿನ ಅಕ್ಷರ ನಿಮಗೆ ಸಲೀಸಾಗಿ ಓದಲು ಬಂದರೆ ಅಲ್ಲೇ ನಿಲ್ಲಿಸಿ, ಅಚ್ಚು ಉಲ್ಟಾ ಬರುತ್ತದೆ. ಸಂಶಯ ಬಂದರೆ ಕನ್ನಡಿ ಮುಂದೆ ಹಿಡಿಯಿರಿ. ಕನ್ನಡಿಯಲ್ಲಿ ‘ನ್ಯ’ದ ಯ ಒತ್ತು ಬಲಗಡೆ ಕಾಣಬೇಕು.

ಕೆತ್ತುವ ಮೊದಲು ಲಿನೋ ಬೆಚ್ಚಗಿರಬೇಕು. ತಣ್ಣಗಿದ್ದರೆ ಪುಡಿಪುಡಿಯಾಗಿ ಒಡೆಯುತ್ತದೆ. ಹಗಲಾದರೆ ಟೆರೇಸಿನ ಬಿಸಿಲಲ್ಲಿ ಹತ್ತು ನಿಮಿಷ ಇಡಿ. ರಾತ್ರಿಯಾದರೆ ನಾನು ಲ್ಯಾಪ್‌ಟಾಪಿನ ಅಡಾಪ್ಟರ್ ಮೇಲೆ ಇಡುತ್ತೇನೆ. ದಿನವೆಲ್ಲ ದುಡಿದು ಅದು ಕಾದಿರುತ್ತದೆ, ಪಾಪ.

ಉಳಿ ಯಾವಾಗಲೂ ಮೈಯಿಂದ ಆಚೆಗೆ ಓಡಬೇಕು, ಇನ್ನೊಂದು ಕೈ ಉಳಿಯ ಹಿಂದೆ ಇರಬೇಕು. ಇದೊಂದನ್ನು ಮರೆತು ಎಡಗೈ ಹೆಬ್ಬೆರಳಿಗೆ ಮೂರು ಹೊಲಿಗೆ ಹಾಕಿಸಿಕೊಂಡಿದ್ದೇನೆ. ಒಂದು ವಾರ ಕೀಬೋರ್ಡಿನ ಶಾರ್ಟ್‌ಕಟ್ ಒತ್ತಲಾಗದೆ ಕ್ಲೈಂಟ್ ಕೆಲಸ ನಿಂತಿತು. ಮೊದಲು ಅಕ್ಷರದ ಅಂಚಿಗೆ ‘ವಿ’ ಉಳಿಯಲ್ಲಿ ಗೆರೆ ಎಳೆಯಿರಿ. ಉಳಿಯನ್ನು ಸ್ವಲ್ಪ ಹೊರಗೆ ವಾಲಿಸಿ, ಗೋಡೆ ಇಳಿಜಾರಾಗಿ ಬರಲಿ. ಕೆರೆ ಏರಿ ನೋಡಿದ್ದೀರಲ್ಲ, ಮೇಲೆ ಕಿರಿದು, ಬುಡ ಅಗಲ. ಅಕ್ಷರವೂ ಹಾಗೇ ನಿಲ್ಲಬೇಕು. ಬುಡ ಕೊರೆದುಹೋದ ಗೆರೆ ಸೌಟಿನ ಒತ್ತಿಗೆ ಮುರಿಯುತ್ತದೆ. ನನ್ನ ಸೀಳು ಹಾರಿದ್ದು ಹೀಗೇ. ತಿರುವು ಬಂದಾಗ ಉಳಿ ತಿರುಗಿಸಬೇಡಿ, ಉಳಿ ಹಿಡಿದ ಕೈ ಸ್ಥಿರವಾಗಿರಲಿ, ಇನ್ನೊಂದು ಕೈಯಲ್ಲಿ ಬ್ಲಾಕನ್ನೇ ತಿರುಗಿಸಿ. ಅಕ್ಕಿ ರೊಟ್ಟಿ ತಟ್ಟುವಾಗ ಎಲೆ ತಿರುಗಿಸುತ್ತಾ ಹೋಗುತ್ತೇವಲ್ಲ, ಅದೇ ಲೆಕ್ಕ. ಖಾಲಿ ಜಾಗವನ್ನು ಅರ್ಧ ದಪ್ಪದವರೆಗೆ ತೆಗೆದರೆ ಸಾಕು, ಸೆಣಬು ಕಾಣುವ ತನಕ ಹೋಗಬೇಡಿ.

ಕಂಪ್ಯೂಟರಿನಲ್ಲಿ ಮಾಡಿದ ತಪ್ಪನ್ನು ರದ್ದು ಮಾಡುವ ಕಂಟ್ರೋಲ್ ಝಡ್ ಇಲ್ಲಿ ಇಲ್ಲ. ಮೊದಮೊದಲು ತಪ್ಪು ಕೆತ್ತಿದಾಗ ನನ್ನ ಎಡಗೈ ಬೆರಳು ತಾನಾಗಿ ಟೇಬಲ್ ಒತ್ತುತ್ತಿತ್ತು, ಸತ್ಯವಾಗಿಯೂ.

ಒತ್ತುವ ದಿನ ಮನೆಯವರಿಗೆ ಮೊದಲೇ ಹೇಳಿಡಿ, ಊಟದ ಟೇಬಲ್ ಎರಡು ಗಂಟೆ ಸಿಗುವುದಿಲ್ಲ ಎಂದು. ಕಡಲೆಕಾಳಿನಷ್ಟು ಇಂಕು ಗಾಜಿನ ಮೇಲೆ ಹಾಕಿ ರೋಲರ್ ಆಡಿಸಿ. ಕಣ್ಣಿಗಿಂತ ಕಿವಿ ಮುಖ್ಯ. ಸೆಲ್ಲೋಟೇಪ್ ಮೆಲ್ಲಗೆ ಬಿಡಿಸಿದ ಹಾಗೆ ಸಣ್ಣ ಶಬ್ದ ಬಂದರೆ ಹದ. ಪಚಪಚ ಅಂದರೆ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗಿದ್ದರೆ, ಇಂಕು ಜಾಸ್ತಿಯಾಗಿದೆ. ಆಗಲೇ ಅಕ್ಷರದ ಸಂದುಗಳು ತುಂಬಿಕೊಳ್ಳುವುದು. ಒಂದು ರಟ್ಟಿನ ಮೇಲೆ ಬ್ಲಾಕ್ ಕೂರುವ ಮೂಲೆ, ಕಾಗದ ಕೂರುವ ಮೂಲೆ ಎರಡನ್ನೂ ಗುರುತು ಹಾಕಿಕೊಂಡರೆ 40 ಕಾರ್ಡಿನಲ್ಲೂ ಚಿತ್ರ ಒಂದೇ ಜಾಗದಲ್ಲಿ ಬೀಳುತ್ತದೆ. ಕಾಗದ ಇಟ್ಟು, ಸೌಟಿನ ಬೆನ್ನಿನಿಂದ ಸಣ್ಣ ಸುತ್ತು ಹಾಕುತ್ತಾ ಉಜ್ಜಿ. ಎತ್ತುವ ಮೊದಲು ಒಂದು ಮೂಲೆ ಮಾತ್ರ ಮಡಚಿ ನೋಡಿ. ಮಸುಕಾಗಿದ್ದರೆ ಮತ್ತೆ ಉಜ್ಜಬಹುದು, ಪೂರ್ತಿ ಎತ್ತಿದರೆ ಮುಗಿಯಿತು. ಮೊದಲ ಎರಡು ಮೂರು ಅಚ್ಚು ಪೇಲವವಾಗೇ ಬರುತ್ತವೆ, ಬ್ಲಾಕು ಇಂಕು ಕುಡಿಯಬೇಕಲ್ಲ. ಪಟ್ಟದ ರಾಣಿಯ ಹಣೆಗೆ ಕೆಂಪು ಬೊಟ್ಟು ಇಡಲು ಎರಡನೇ ಬ್ಲಾಕು ಕೆತ್ತಲಿಲ್ಲ. ಪೆನ್ಸಿಲ್ ಹಿಂದಿನ ರಬ್ಬರನ್ನು ಕೆಂಪು ಇಂಕಿಗೆ ಅದ್ದಿ ಒತ್ತಿದೆ.

ಆಫ್‌ಸೆಟ್ ಇಂಕು ಎಣ್ಣೆಯದ್ದು. ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಎರಡು ಮೂರು ದಿನ ಒಣಗಿಸಿ. ಹಬ್ಬದ ಹಿಂದಿನ ದಿನ ಒತ್ತುತ್ತೇನೆ ಅನ್ನಬೇಡಿ. ಗಾಜು, ರೋಲರ್, ಬ್ಲಾಕು ಒರೆಸಲು ಅಡುಗೆ ಎಣ್ಣೆ, ಆಮೇಲೆ ಪಾತ್ರೆ ಸೋಪು. ಎಣ್ಣೆ ಇಂಕು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಇರುವ ಇಂಕಾದರೆ ಒಣಗುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ ಎಸೆಯಿರಿ. ಉಗುರಿನ ಸಂದಿಯ ಕಪ್ಪು ಮಾತ್ರ ವಾರ ಇರುತ್ತದೆ. 1962ರಿಂದ ದೇಶಕ್ಕೆಲ್ಲ ಮತದಾನದ ಶಾಯಿ ಮಾಡಿಕೊಡುವ ಊರು ನಮ್ಮದು. ಎದುರುಮನೆಯವರು ನನ್ನ ಬೆರಳು ನೋಡಿ "ಯಾವ ಎಲೆಕ್ಷನ್ನು?" ಅಂದರು.

ಒಂದು ಎಚ್ಚರಿಕೆ. ಮುಗಿಯುವ ತನಕ ಇದನ್ನು ಸ್ಟೇಟಸ್ಸಿಗೆ ಹಾಕಬೇಡಿ. ನಾನು ಹಾಕಿದೆ. ಸೀರೆ ಅಂಗಡಿಯ ಕ್ಲೈಂಟ್ ಒಬ್ಬರು "ಸೇಮ್ ಇದೇ 500 ಬೇಕು, ಶುಕ್ರವಾರಕ್ಕೆ" ಅಂದರು. ಕೈಯಲ್ಲಿ ಒತ್ತುತ್ತಾ ಕೂತರೆ ಹವ್ಯಾಸವೂ ಹೋಗುತ್ತದೆ, ಮಣಿಕಟ್ಟೂ ಹೋಗುತ್ತದೆ. ಒಂದು ಒಳ್ಳೆಯ ಅಚ್ಚನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆ) ಬರೀ ಕಪ್ಪು-ಬಿಳುಪು ಲೈನ್ ಆರ್ಟ್ ಆಗಿ ಸ್ಕ್ಯಾನ್ ಮಾಡಿ, ಆಫ್‌ಸೆಟ್‌ಗೆ ಕೊಟ್ಟೆ. ಉಳಿಯ ಒರಟು ಗುರುತುಗಳನ್ನು ಹಾಗೇ ಬಿಟ್ಟೆ. ಬಿಲ್ಲಿನಲ್ಲಿ ಕೆತ್ತನೆಗೆ ಬೇರೆ ದುಡ್ಡು ಹಾಕಿದೆ. ನೀವೂ ಹಾಕಿ, ಸಂಕೋಚ ಬೇಡ.

ಹಬ್ಬಕ್ಕೆ 40ರಲ್ಲಿ 37 ಕಾರ್ಡು ಖರ್ಚಾದವು. ಆ ಆರು ‘ದನ್ಯವಾದ’ಗಳನ್ನು ನಾನು ಕಸಕ್ಕೆ ಹಾಕಿದ್ದೆ. ನಮ್ಮತ್ತೆ ಎತ್ತಿಟ್ಟುಕೊಂಡು, ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಾರೆ.