ಮನೆಯಲ್ಲಿ ಸುಗಂಧ ತೈಲಗಳನ್ನು ಬೆರೆಸುವ ಮೊದಲ ಪಾಠ

ಎಸೆನ್ಶಿಯಲ್ ಆಯಿಲ್ ಎಂದು ಕರೆಯುವ ಸುಗಂಧ ತೈಲ ಹೆಸರಿಗೆ ಮಾತ್ರ ಎಣ್ಣೆ. ಲ್ಯಾವೆಂಡರ್ ತೈಲದ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿದರೆ ಅದು ಜಿಡ್ಡಿನ ಕಲೆಯನ್ನು ಉಳಿಸದೆ ಆರಿಹೋಗುತ್ತದೆ. ಹೂವು, ಎಲೆ, ತೊಗಟೆ, ಬೇರುಗಳನ್ನು ಹಬೆಯಲ್ಲಿ ಭಟ್ಟಿಯಿಳಿಸಿ, ಇಲ್ಲವೇ ಕಿತ್ತಳೆ-ನಿಂಬೆಯ ಸಿಪ್ಪೆಯನ್ನು ಹಿಂಡಿ ತೆಗೆದ ಈ ದ್ರವದಲ್ಲಿ ಸಸ್ಯದ ಪರಿಮಳವೆಲ್ಲ ಬಹಳ ಸಾಂದ್ರವಾಗಿ ಸೇರಿರುವುದರಿಂದ, ಇದನ್ನು ಚಮಚದಲ್ಲಿ ಅಳೆಯದೆ ಹನಿಗಳಲ್ಲಿ ಎಣಿಸಬೇಕಾಗುತ್ತದೆ. ಹೊಸಬರ ಮಿಶ್ರಣ ಕೆಡುವುದು ಹೆಚ್ಚಾಗಿ ತೈಲದ ಆಯ್ಕೆಯಿಂದಲ್ಲ, ಅವಸರದಲ್ಲಿ ಬಿದ್ದ ಎರಡು ಹನಿ ಹೆಚ್ಚಿನಿಂದ.

ಆರಂಭಕ್ಕೆ ಹತ್ತು ಹನ್ನೆರಡು ಸೀಸೆಗಳ ಪೆಟ್ಟಿಗೆಯನ್ನು ಕೊಳ್ಳುವುದಕ್ಕಿಂತ ಕಿತ್ತಳೆ, ಲ್ಯಾವೆಂಡರ್ ಮತ್ತು ಸೀಡರ್‌ವುಡ್ ಎಂಬ ಮೂರೇ ತೈಲಗಳನ್ನು ಕೊಳ್ಳುವುದು ಒಳ್ಳೆಯದು. ಸೀಸೆಯ ಮೇಲೆ ಸಸ್ಯಶಾಸ್ತ್ರೀಯ ಹೆಸರು ಇದೆಯೇ ಎಂದು ನೋಡಿ. ಲ್ಯಾವೆಂಡರ್ ಆದರೆ ಲವಾಂಡುಲಾ ಆಂಗುಸ್ಟಿಫೋಲಿಯಾ ಎಂದಿರಬೇಕು, ಏಕೆಂದರೆ ಅದರ ಮಿಶ್ರತಳಿಯಾದ ಲ್ಯಾವೆಂಡಿನ್‌ನಲ್ಲಿ ಕರ್ಪೂರದ ಘಾಟು ಹೆಚ್ಚು. ‘ಫ್ರಾಗ್ರೆನ್ಸ್ ಆಯಿಲ್’ ಎಂದು ಬರೆದಿರುವುದು ಸಾಮಾನ್ಯವಾಗಿ ಕೃತಕ ಪರಿಮಳವಾಗಿದ್ದು, ಅದು ಬೇರೆಯೇ ವಸ್ತು.

ಈ ಮೂರನ್ನು ಆರಿಸಿದ್ದಕ್ಕೆ ಕಾರಣವಿದೆ. ಪರಿಮಳಗಳೆಲ್ಲ ಒಂದೇ ವೇಗದಲ್ಲಿ ಆರುವುದಿಲ್ಲ. ಮೂರು ಕಾಗದದ ಪಟ್ಟಿಗಳ ತುದಿಗೆ ಒಂದೊಂದು ತೈಲದ ಒಂದೊಂದು ಹನಿ ಹಾಕಿ, ಪಟ್ಟಿಯ ಮೇಲೆ ಹೆಸರು ಮತ್ತು ಸಮಯವನ್ನು ಬರೆದಿಟ್ಟು, ಹತ್ತು ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ, ಕೊನೆಗೆ ಮರುದಿನ ಬೆಳಿಗ್ಗೆ ಮೂಸಿ ನೋಡಿ. ಕಿತ್ತಳೆ ಮೊದಲ ಕ್ಷಣದಲ್ಲೇ ಮೂಗಿಗೆ ಬಡಿದು, ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ. ಲ್ಯಾವೆಂಡರ್ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಸೀಡರ್‌ವುಡ್ ಮಾತ್ರ ಮರುದಿನವೂ ಪಟ್ಟಿಯಲ್ಲಿ ಉಳಿದಿರುತ್ತದೆ. ಸುಗಂಧ ತಯಾರಕರು ಇವುಗಳನ್ನು ಕ್ರಮವಾಗಿ ಟಾಪ್, ಮಿಡಲ್ ಮತ್ತು ಬೇಸ್ ನೋಟ್ ಎನ್ನುತ್ತಾರೆ. ನಿಂಬೆ ಮೊದಲ ಗುಂಪಿಗೆ, ಜೆರೇನಿಯಂ ನಡುವಿನದಕ್ಕೆ, ಲಾವಂಚ, ಶ್ರೀಗಂಧ ಮತ್ತು ಪಚೋಲಿ ಕೊನೆಯದಕ್ಕೆ ಸೇರುತ್ತವೆ.

ಬೆರೆಸುವ ಕೆಲಸವನ್ನೂ ಕಾಗದದಲ್ಲೇ ಮೊದಲು ಮಾಡಬಹುದು. ಮೂರು ಪಟ್ಟಿಗಳನ್ನು ಬೀಸಣಿಗೆಯಂತೆ ಒಟ್ಟಿಗೆ ಹಿಡಿದು, ಮೂಗಿನಿಂದ ಒಂದು ಗೇಣು ದೂರದಲ್ಲಿ ಆಡಿಸಿ. ಕಿತ್ತಳೆ ಮಂಕು ಎನಿಸಿದರೆ ಆ ಪಟ್ಟಿಗೆ ಇನ್ನೊಂದು ಹನಿ ಹಾಕಿ. ತೃಪ್ತಿಯಾದ ಬಳಿಕ ಒಣಗಿದ, ಶುದ್ಧವಾದ ಪುಟ್ಟ ಗಾಜಿನ ಸೀಸೆಯಲ್ಲಿ ಕಿತ್ತಳೆ 3 ಹನಿ, ಲ್ಯಾವೆಂಡರ್ 2 ಹನಿ, ಸೀಡರ್‌ವುಡ್ 1 ಹನಿ ಎಂಬ ಪ್ರಮಾಣದಿಂದ ಆರಂಭಿಸಿ. ತಳದ ತೈಲವನ್ನೇ, ಅಂದರೆ ಬೇಸ್ ನೋಟ್ ಆದ ಸೀಡರ್‌ವುಡ್ಡನ್ನೇ, ಮೊದಲು ಹಾಕಬೇಕೆಂದು ಹಲವರು ಹೇಳುತ್ತಾರೆ. ನಾನಾದರೋ ಅದನ್ನು ಕೊನೆಗೆ ಹಾಕುತ್ತೇನೆ, ಏಕೆಂದರೆ ಗಾಢವಾದ ತೈಲ ಒಂದು ಹನಿ ಹೆಚ್ಚಾದರೂ ಅದನ್ನು ಹಿಂದೆಗೆಯಲು ಸಾಧ್ಯವಿಲ್ಲ. ಒಮ್ಮೆ ಹೀಗೆಯೇ ಲವಂಗದ ಒಂದು ಹನಿಯ ಬದಲು ಮೂರು ಬಿದ್ದು, ಅದನ್ನು ಸರಿಪಡಿಸಲೆಂದು ಕಿತ್ತಳೆಯನ್ನು ಸುರಿದು ಸುರಿದು ಅರ್ಧ ಸೀಸೆ ಖಾಲಿಯಾದರೂ ಲವಂಗವೇ ಗೆದ್ದಿತು. ಲಾವಂಚದಂಥ ಮಂದ ತೈಲ ಸೀಸೆಯಿಂದ ಇಳಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಸೀಸೆಯನ್ನು ಕುಲುಕದೆ ಓರೆಯಾಗಿ ಹಿಡಿದು ಕಾಯಬೇಕು.

ಪ್ರತಿಯೊಂದು ಹನಿಯನ್ನೂ ಆಗಿಂದಾಗಲೇ ಪುಸ್ತಕದಲ್ಲಿ ಬರೆದುಕೊಳ್ಳಿ. ಮುಚ್ಚಳ ಹಾಕಿ ಒಂದು ದಿನವಾದರೂ, ಸಾಧ್ಯವಾದರೆ ಒಂದು ವಾರ ಕತ್ತಲಲ್ಲಿ ಇರಿಸಿದ ಮೇಲೆಯೇ ಮಿಶ್ರಣದ ಬಗ್ಗೆ ತೀರ್ಮಾನಕ್ಕೆ ಬನ್ನಿ. ಬೆರೆಸಿದ ದಿನ ಒಂದಕ್ಕೊಂದು ಹೊಂದದೆ ಬಿಡಿಬಿಡಿಯಾಗಿ ತೋರುವ ಪರಿಮಳಗಳು ಆಮೇಲೆ ಕೂಡಿಕೊಳ್ಳುತ್ತವೆ.

ಇಷ್ಟಾದರೂ ಅದನ್ನು ನೇರವಾಗಿ ಚರ್ಮಕ್ಕೆ ಹಚ್ಚಬಾರದು. ಜೊಜೊಬಾ ಅಥವಾ ಬಾದಾಮಿ ಎಣ್ಣೆಯಂಥ ಆಧಾರ ಎಣ್ಣೆಯಲ್ಲಿ ಅದನ್ನು ತೆಳುಮಾಡಬೇಕು. 1 ಮಿ.ಲೀ.ಗೆ ಸುಮಾರು 20 ಹನಿ ಎಂದು ಹಿಡಿದರೆ 30 ಮಿ.ಲೀ. ಎಣ್ಣೆಯಲ್ಲಿ 600 ಹನಿಗಳಿರುತ್ತವೆ. ಹಾಗಾಗಿ ಮೇಲೆ ಹೇಳಿದ ಆರು ಹನಿಗಳ ಮಿಶ್ರಣವನ್ನು 30 ಮಿ.ಲೀ.ಗೆ ಬೆರೆಸಿದರೆ ಅದು ಶೇ 1ರಷ್ಟಾಗುತ್ತದೆ. ಮುಖಕ್ಕೆ ಅದನ್ನು ಮೀರದಿರುವುದು ಲೇಸು. ಕೈಕಾಲುಗಳಿಗೆ ಶೇ 2, ಅಂದರೆ 12 ಹನಿ ಸಾಕು. ತೊಗಟೆಯಿಂದ ತೆಗೆದ ದಾಲ್ಚಿನ್ನಿ ತೈಲ ಚರ್ಮವನ್ನು ಬಹಳ ಕೆರಳಿಸುವುದರಿಂದ ಅದನ್ನು ಮೈಗೆ ಹಚ್ಚುವ ಮಿಶ್ರಣದಿಂದ ದೂರವಿಡಿ. ಹಿಂಡಿ ತೆಗೆದ ನಿಂಬೆ ಮತ್ತು ಬರ್ಗಮಾಟ್ (ನಿಂಬೆ ಜಾತಿಯ ಒಂದು ಹಣ್ಣು) ತೈಲಗಳನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ, ಅವುಗಳಲ್ಲಿರುವ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳಿಂದಾಗಿ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಸಿಹಿ ಕಿತ್ತಳೆ ತೈಲಕ್ಕೆ ಈ ತೊಂದರೆಯಿಲ್ಲ.

ಮೊದಲ ಬಾರಿ ಬಳಸುವಾಗ ತೆಳುಮಾಡಿದ ಎಣ್ಣೆಯನ್ನು ಮೊಣಕೈಯ ಒಳಭಾಗಕ್ಕೆ ತುಸು ಹಚ್ಚಿ, ಉರಿ ಅಥವಾ ತುರಿಕೆ ಬರುತ್ತದೆಯೇ ಎಂದು 24ರಿಂದ 48 ಗಂಟೆ ಕಾದು ನೋಡಿ. ಸ್ನಾನದ ನೀರಿಗೆ ತೈಲವನ್ನು ಹಾಗೆಯೇ ಹನಿಸಬೇಡಿ. ಅದು ನೀರಿನಲ್ಲಿ ಬೆರೆಯದೆ ಮೇಲೆ ತೇಲಿ ನೇರವಾಗಿ ಮೈಗಂಟುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು. ಪುಟ್ಟ ಮಕ್ಕಳ ಮುಖದ ಬಳಿ ಪೆಪ್ಪರ್‌ಮಿಂಟ್ ಹಾಗೂ ನೀಲಗಿರಿ ತೈಲಗಳನ್ನು ತರಲೇಬಾರದು. ಬೆಕ್ಕಿನ ಯಕೃತ್ತಿಗೆ ಇಂಥ ಹಲವು ಅಂಶಗಳನ್ನು ಅರಗಿಸುವ ಶಕ್ತಿ ಕಡಿಮೆಯಿರುವುದರಿಂದ, ಬೆಕ್ಕಿರುವ ಮನೆಯಲ್ಲಿ ಟೀ ಟ್ರೀ ತೈಲವನ್ನು ಇಡದಿರುವುದೇ ಕ್ಷೇಮ.

ಸಿದ್ಧವಾದುದನ್ನು ಕಡುಗಂದು ಅಥವಾ ನೀಲಿ ಗಾಜಿನ ಸೀಸೆಯಲ್ಲಿ ತುಂಬಿ, ಹೆಸರು, ಪ್ರಮಾಣ ಮತ್ತು ದಿನಾಂಕವನ್ನು ಬರೆದು ಅಂಟಿಸಿ. ಕೆಲವು ಬಗೆಯ ಪ್ಲಾಸ್ಟಿಕ್ ಅನ್ನು ತೈಲ ಕರಗಿಸುತ್ತದೆ. ಡ್ರಾಪರ್‌ನ ರಬ್ಬರ್ ಕೂಡ ಅದರ ಆವಿಗೆ ಮೆತ್ತಗಾಗುವುದರಿಂದ ಬಹುಕಾಲ ಇಡುವ ಸೀಸೆಗೆ ತಿರುಪಿನ ಮುಚ್ಚಳವೇ ಸರಿ. ಕಿತ್ತಳೆ, ನಿಂಬೆ ತೈಲಗಳಲ್ಲಿರುವ ಲಿಮೊನೀನ್ ಗಾಳಿ ತಾಗಿ ಉತ್ಕರ್ಷಣಗೊಂಡಾಗ ಚರ್ಮಕ್ಕೆ ಅಲರ್ಜಿ ತರಬಲ್ಲದು. ಆದ್ದರಿಂದ ವಾಸನೆ ಬದಲಾದ ಅಥವಾ ತೆರೆದು ಬಹಳ ದಿನವಾದ ಕಿತ್ತಳೆ ತೈಲವನ್ನು ಹೊಸ ಮಿಶ್ರಣಕ್ಕೆ ಸೇರಿಸಬೇಡಿ.